ದೂರವನ್ನು ಅಳೆದವನು: ವಿಲಿಯಂ ಲ್ಯಾಂಬ್ಟನ್

ಕಳೆದ ಡಿಸೆಂಬರ್ ತಿಂಗಳಿನಲ್ಲಿ ಅಂತಿಮ ಬಿ.ಎ. ತರಗತಿಯವರಾದ ನಾವು ಭೂಗೋಳಶಾಸ್ತ್ರದ ಅಧ್ಯಾಪಕರೊಡನೆ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಿದ್ದೆವು. ಗುಂಡ್ಲುಪೇಟೆ ತಾಲ್ಲೂಕಿನಲ್ಲಿಯೇ ಹುಟ್ಟಿ ಬೆಳೆದ ನನಗೆ ಆ ಬೆಟ್ಟ ಹೊಸದಲ್ಲ. ಬಾಲ್ಯದಲ್ಲಿ ಅವ್ವನ ಸೆರಗು ಹಿಡಿದು ಎಷ್ಟೋ ಸಲ ಆ ಸ್ವಾಮಿಯ ದರ್ಶನಕ್ಕೆ ಹೋಗಿದ್ದೇನೆ. ಬುಡದಲ್ಲಿ ಸಾರಿಗೆ ಸಂಸ್ಥೆಯ ಬಸ್ಸು ಹತ್ತಿ ನಾವು ಮೇಲೆ ತಲಪಿದಾಗ ದೇವಾಲಯದ ಗೋಪುರವೂ ಕಾಣದಷ್ಟು ಮಂಜು ಕವಿದಿತ್ತು. ವೇಣುಗೋಪಾಲನಿಗೆ ಮಂಗಳಾರತಿಯಾಗಿ ನಾವು ಹೊರಗೆ ಬರುವ ವೇಳೆಗೆ ಮಂಜು ಮೆಲ್ಲನೆ ಸರಿಯಿತು. ಕೆಳಗೆ ಬಂಡೀಪುರದ ಕಾಡು, ಅದರ ಆಚೆಗೆ ದಕ್ಷಿಣದಲ್ಲಿ ನೀಲಗಿರಿಯ ಸಾಲು ಕಂಡಿತು.

ಆಗ ತಲೆಯ ಮೇಲೆ ಬಹು ಎತ್ತರದಲ್ಲಿ ವಿಮಾನವೊಂದರ ಸದ್ದು ಕೇಳಿಸಿತು. ಎಲ್ಲರೂ ಕತ್ತೆತ್ತಿ ನೋಡಿದೆವು. ಅದು ಯಾವ ಊರಿಗೆ ಹೋಗುತ್ತಿದ್ದಿತೋ ನಮಗೆ ತಿಳಿಯದು. ಆದರೆ ಮಾತು ವಿಮಾನಗಳ ಕಡೆಗೆ ತಿರುಗಿತು. ಸಹಪಾಠಿಯೊಬ್ಬನ ಸೋದರತ್ತೆಯ ಮಗ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ಕೆಲಸದಲ್ಲಿದ್ದಾನೆ. ಅಲ್ಲಿಗೆ ಎಷ್ಟು ದೂರ, ಎಷ್ಟು ಹೊತ್ತಿನ ಪ್ರಯಾಣ ಎಂದು ಒಬ್ಬರು ಕೇಳಿದರು. ಗೆಳೆಯನು ಮೊಬೈಲ್ ತೆಗೆದು ಕ್ಷಣಮಾತ್ರದಲ್ಲಿ ಉತ್ತರ ಕೊಟ್ಟನು. ಬೆಂಗಳೂರಿನಿಂದ ನೇರವಾದ ಆಕಾಶಮಾರ್ಗದಲ್ಲಿ ಸುಮಾರು ೧೪,೦೦೦ ಕಿಲೋಮೀಟರ್. ನಡುವೆ ಎಲ್ಲಿಯೂ ಇಳಿಯದ ವಿಮಾನಕ್ಕೆ ಸುಮಾರು ೧೭ ಗಂಟೆಗಳ ಹಾರಾಟ. ನಾವೆಲ್ಲ ಬೆರಗಾದೆವು. ಅಧ್ಯಾಪಕರು ಮಾತ್ರ ನಸುನಕ್ಕು, ಈ ದೂರವನ್ನು ಯಾರು ಅಳೆದರು, ಹೇಗೆ ಅಳೆದರು ಎಂದು ನಮ್ಮನ್ನು ಪ್ರಶ್ನಿಸಿದರು. ಕಡಲಿನ ಮೇಲೆ ಹಗ್ಗ ಹಿಡಿದವರುಂಟೆ? ಹಿಮದ ಮೇಲೆ ಮೈಲಿಗಲ್ಲು ನೆಟ್ಟವರುಂಟೆ? ನಮ್ಮಲ್ಲಿ ಯಾರಿಗೂ ಉತ್ತರ ಹೊಳೆಯಲಿಲ್ಲ. ಅಂದು ನಾಚಿಕೊಂಡು ಬೆಟ್ಟವಿಳಿದ ನಾನು ಆ ಪ್ರಶ್ನೆಯನ್ನು ಹಿಡಿದು ಓದಲಾರಂಭಿಸಿದೆನು. ಆ ಓದು ನನ್ನನ್ನು ಇನ್ನೂರು ವರ್ಷಗಳ ಹಿಂದೆ ತೀರಿಹೋದ ಒಬ್ಬ ವ್ಯಕ್ತಿಯ ಬಳಿಗೆ ಕೊಂಡೊಯ್ದಿತು. ಆತನ ಜೀವನವನ್ನು ನನಗೆ ತಿಳಿದ ಮಟ್ಟಿಗೆ ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ದೂರದ ವಿಚಾರವನ್ನು ಎರಡು ಮಾತಿನಲ್ಲಿ ಹೇಳಬೇಕು. ಎರಡು ಊರುಗಳ ನಡುವೆ ರಸ್ತೆಯ ದೂರ ಒಂದು, ಆಕಾಶದ ದೂರ ಇನ್ನೊಂದು. ನಮ್ಮ ಗೋಪಾಲಸ್ವಾಮಿ ಬೆಟ್ಟದಿಂದ ನೀಲಗಿರಿಯ ದೊಡ್ಡಬೆಟ್ಟಕ್ಕೆ ಹಕ್ಕಿ ಹಾರುವ ದಾರಿಯಲ್ಲಿ ಸುಮಾರು ೪೦ ಕಿಲೋಮೀಟರ್. ಹಂಗಳಕ್ಕೆ ಇಳಿದು, ಬಂಡೀಪುರವನ್ನು ಹಾದು, ಘಟ್ಟದ ತಿರುವುಗಳನ್ನು ಹತ್ತಿ ಹೋಗುವವನಿಗೆ ಅದರ ಎರಡರಷ್ಟಕ್ಕೆ ಸಮೀಪವಾಗುತ್ತದೆ. ಇಷ್ಟು ಹತ್ತಿರದ ಸ್ಥಳಗಳಿಗಾದರೆ ಆಕಾಶದ ದಾರಿಯನ್ನು ನೆಟ್ಟನೆಯ ಗೆರೆಯೆಂದೇ ಭಾವಿಸಬಹುದು. ಆದರೆ ದೂರ ಹೆಚ್ಚಿದಂತೆಲ್ಲ ಭೂಮಿಯ ದುಂಡುತನವು ಲೆಕ್ಕಕ್ಕೆ ಬರುತ್ತದೆ. ಗೋಳದ ಮೇಲೆ ಎರಡು ಬಿಂದುಗಳ ನಡುವಣ ಅತಿ ಹತ್ತಿರದ ದಾರಿಯು ಮಹಾವೃತ್ತದ ಒಂದು ತುಂಡು. ಬೆಂಗಳೂರು ಮತ್ತು ಸ್ಯಾನ್ ಫ್ರಾನ್ಸಿಸ್ಕೊ ನಗರಗಳು ರೇಖಾಂಶದಲ್ಲಿ ಭೂಮಿಯ ಹೆಚ್ಚು ಕಡಿಮೆ ಎದುರುಬದುರು ಪಕ್ಕಗಳಲ್ಲಿರುವುದರಿಂದ ಅವುಗಳ ನಡುವಣ ಹತ್ತಿರದ ದಾರಿಯು ಉತ್ತರ ಧ್ರುವದ ಕಡೆಯಿಂದ ಹಾಯುತ್ತದೆ. ೨೦೨೧ರ ಜನವರಿಯಲ್ಲಿ ಏರ್ ಇಂಡಿಯಾ ಸಂಸ್ಥೆಯ ಮಹಿಳಾ ಪೈಲಟರೇ ನಡೆಸಿದ ವಿಮಾನವೊಂದು ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟು ಧ್ರುವಪ್ರದೇಶದ ಮೇಲೆ ಹಾರಿ ಬೆಂಗಳೂರಿನಲ್ಲಿ ಇಳಿದುದನ್ನು ಅನೇಕರು ಪತ್ರಿಕೆಗಳಲ್ಲಿ ಓದಿರಬಹುದು.

ಹಾರಾಟದ ವೇಳೆಯೂ ಈ ದೂರವನ್ನೇ ಆಧರಿಸಿದೆ. ದೊಡ್ಡ ಜೆಟ್ ವಿಮಾನಗಳು ಗಂಟೆಗೆ ೯೦೦ ಕಿಲೋಮೀಟರಿನ ಆಸುಪಾಸಿನ ವೇಗದಲ್ಲಿ ಹಾರುತ್ತವೆ. ಮೇಲಿನ ಆಕಾಶದ ಪಡುವಣ ಗಾಳಿಯು ಬೆನ್ನಿಗಿದ್ದರೆ ಹೊತ್ತು ಕಡಿಮೆ, ಎದುರಿಗಿದ್ದರೆ ಹೆಚ್ಚು. ಎಷ್ಟು ಇಂಧನ ತುಂಬಬೇಕು, ಎಷ್ಟು ಜನರನ್ನು ಹತ್ತಿಸಬಹುದು ಎಂಬುದೆಲ್ಲ ಈ ಲೆಕ್ಕದ ಮೇಲೆಯೇ ನಿಂತಿದೆ. ಆದರೆ ದೂರದ ಲೆಕ್ಕ ಸರಿಯಾಗಬೇಕಾದರೆ ಎರಡು ಸಂಗತಿಗಳು ತಿಳಿದಿರಬೇಕು. ಒಂದು, ಊರುಗಳ ಅಕ್ಷಾಂಶ ಮತ್ತು ರೇಖಾಂಶ. ಇನ್ನೊಂದು, ಭೂಮಿಯ ನಿಜವಾದ ಗಾತ್ರ ಮತ್ತು ಆಕಾರ. ಈ ಎರಡನೆಯದನ್ನು ಕೋಣೆಯಲ್ಲಿ ಕುಳಿತು ಊಹಿಸಲಾಗದು. ಯಾರಾದರೊಬ್ಬರು ಬಿಸಿಲಿನಲ್ಲಿ ನೆಲದ ಮೇಲೆ ಸರಪಳಿಯೆಳೆದು ಅಳೆಯಲೇ ಬೇಕು. ನಮ್ಮ ದೇಶದಲ್ಲಿ ಹಾಗೆ ಅಳೆಯಲು ತೊಡಗಿ, ಆ ಕೆಲಸದಲ್ಲಿಯೇ ಪ್ರಾಣ ಬಿಟ್ಟವನು ವಿಲಿಯಂ ಲ್ಯಾಂಬ್ಟನ್. ಆ ಕೆಲಸ ಆರಂಭವಾದುದು ನಮ್ಮ ಮೈಸೂರು ಸೀಮೆಯಲ್ಲಿ ಎಂಬುದು ನಮಗೆ ಇನ್ನೂ ಸ್ವಾರಸ್ಯದ ಸಂಗತಿ.

ಲ್ಯಾಂಬ್ಟನ್ನನು ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದಲ್ಲಿ, ನಾರ್ತಲರ್ಟನ್ ಎಂಬ ಊರಿನ ಬಳಿ, ೧೭೫೦ರ ದಶಕದಲ್ಲಿ ಹುಟ್ಟಿದನು. ಆತನದು ಬಡ ರೈತ ಕುಟುಂಬ. ಶ್ರೀಮಂತರ ಬೆಂಬಲವಾಗಲಿ ದೊಡ್ಡ ಮನೆತನದ ಹೆಸರಾಗಲಿ ಆತನಿಗಿರಲಿಲ್ಲ. ಹುಡುಗನಿಗೆ ಗಣಿತದಲ್ಲಿದ್ದ ಚುರುಕನ್ನು ಕಂಡ ಕೆಲವರು ನೆರವಾಗಿ ಅವನನ್ನು ಶಾಲೆಗೆ ಸೇರಿಸಿದರು. ಅಂದು ಬಡವರ ಮಕ್ಕಳಿಗೆ ಗಣಿತದಿಂದ ಹೊಟ್ಟೆ ಹೊರೆಯುವ ದಾರಿಗಳು ಹೆಚ್ಚಿರಲಿಲ್ಲ. ೧೭೮೧ರಲ್ಲಿ ಆತನು ಸೈನ್ಯ ಸೇರಿದನು. ಅಮೆರಿಕವು ಇಂಗ್ಲೆಂಡಿನ ವಿರುದ್ಧ ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿದ್ದ ಕಾಲವದು. ಲ್ಯಾಂಬ್ಟನ್ನನು ಆ ಖಂಡಕ್ಕೆ ಹೋಗಿ, ಯುದ್ಧ ಮುಗಿದ ಬಳಿಕ ಕೆನಡಾದ ನ್ಯೂ ಬ್ರನ್ಸ್‌ವಿಕ್ ಎಂಬ ಪ್ರಾಂತದಲ್ಲಿ ಉಳಿದುಕೊಂಡನು. ಅಲ್ಲಿಗೆ ಹೊಸದಾಗಿ ನೆಲೆಸಲು ಬಂದವರಿಗೆ ಜಮೀನುಗಳನ್ನು ಅಳೆದು ಕೊಡುವ ಕೆಲಸವನ್ನೂ ಮಾಡಿದನು. ಸುಮಾರು ಹದಿಮೂರು ವರ್ಷಗಳನ್ನು ಆತನು ಆ ಚಳಿನಾಡಿನಲ್ಲಿ, ಯಾರ ಕಣ್ಣಿಗೂ ಬೀಳದೆ, ಗಣಿತದ ಗ್ರಂಥಗಳನ್ನು ತಾನೇ ಓದಿಕೊಳ್ಳುತ್ತ ಕಳೆದನು. ಒಮ್ಮೆ ಸೂರ್ಯಗ್ರಹಣವನ್ನು ತಕ್ಕ ರಕ್ಷಣೆಯಿಲ್ಲದೆ ವೀಕ್ಷಿಸಿದುದರಿಂದ ಆತನ ಒಂದು ಕಣ್ಣಿನ ದೃಷ್ಟಿ ಹೋಯಿತು. ಮುಂದೆ ಇಡೀ ದಕ್ಷಿಣ ಭಾರತವನ್ನು ದೂರದರ್ಶಕದಲ್ಲಿ ನೋಡಿ ಅಳೆದವನು ಒಂದೇ ಕಣ್ಣಿನವನೆಂಬುದು ಯೋಚಿಸಿದಷ್ಟೂ ಆಶ್ಚರ್ಯದ ಮಾತು.

ನಲವತ್ತು ದಾಟಿದ ವಯಸ್ಸಿನಲ್ಲಿ ಆತನು ತನ್ನ ದಳವಾದ ೩೩ನೆಯ ಪದಾತಿ ರೆಜಿಮೆಂಟನ್ನು ಕೂಡಿಕೊಳ್ಳಲು ಭಾರತಕ್ಕೆ ಬಂದನು. ಅದರ ಮುಖಂಡನು ಆರ್ಥರ್ ವೆಲ್ಲೆಸ್ಲಿ. ಮುಂದೆ ೧೮೧೫ರಲ್ಲಿ ವಾಟರ್ಲೂ ಕದನದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ವೆಲಿಂಗ್ಟನ್ ಡ್ಯೂಕನೇ ಈತ. ೧೭೯೯ರಲ್ಲಿ ಟಿಪ್ಪು ಸುಲ್ತಾನನ ಮೇಲೆ ಇಂಗ್ಲಿಷರು ಹೂಡಿದ ಕೊನೆಯ ಯುದ್ಧದಲ್ಲಿ ಲ್ಯಾಂಬ್ಟನ್ನನೂ ಇದ್ದನು. ಶ್ರೀರಂಗಪಟ್ಟಣದ ಸಮೀಪದಲ್ಲಿ ಒಂದು ರಾತ್ರಿ ಜನರಲ್ ಬೇರ್ಡನ ದಂಡು ಕತ್ತಲೆಯಲ್ಲಿ ತನ್ನ ಪಾಳೆಯಕ್ಕೆ ಹಿಂದಿರುಗುತ್ತಿತ್ತು. ಲ್ಯಾಂಬ್ಟನ್ನನು ನಕ್ಷತ್ರಗಳನ್ನು ನೋಡಿ, ದಂಡು ದಕ್ಷಿಣಕ್ಕೆ ಹೋಗುವ ಬದಲು ಉತ್ತರಕ್ಕೆ, ಎಂದರೆ ನೇರವಾಗಿ ಸುಲ್ತಾನನ ಸೇನೆಯ ಕಡೆಗೆ, ನಡೆಯುತ್ತಿದೆಯೆಂದು ತಿಳಿಸಿದನು. ಬೇರ್ಡನಿಗೆ ಮೊದಲು ಸಿಟ್ಟೇ ಬಂದಿತಂತೆ. ಬಳಿಕ ದೀಪ ತರಿಸಿ ದಿಕ್ಸೂಚಿಯನ್ನು ನೋಡಿದಾಗ ನಕ್ಷತ್ರಗಳ ಮಾತೇ ನಿಜವೆಂದು ಗೊತ್ತಾಯಿತು.

ಮೇ ೪ರಂದು ಶ್ರೀರಂಗಪಟ್ಟಣ ಬಿದ್ದಿತು. ಸುಲ್ತಾನನು ಹೋರಾಡುತ್ತಲೇ ಮಡಿದನು. ಆ ಕೋಟೆಯ ಬಿರುಕನ್ನು ಶಾಲಾ ಪ್ರವಾಸದಲ್ಲಿ ನೋಡಿ ಮನಸ್ಸು ಭಾರವಾಗಿ ಬಂದವರು ನಮ್ಮಲ್ಲಿ ಅನೇಕರಿದ್ದೇವೆ. ನಾನು ಕೊಂಡಾಡಹೊರಟಿರುವ ವ್ಯಕ್ತಿಯು ಆ ಕೋಟೆಗೆ ನುಗ್ಗಿದ ಸೇನೆಯವನೆಂಬುದನ್ನು ಮುಚ್ಚಿಡುವುದು ಸರಿಯಲ್ಲ. ಗೆದ್ದ ನಾಡನ್ನು ಆಳಲು, ಕಂದಾಯ ಎತ್ತಲು, ದಂಡನ್ನು ನಡೆಸಲು ಇಂಗ್ಲಿಷರಿಗೆ ಭೂಪಟಗಳು ಬೇಕಾಗಿದ್ದುವು. ಲ್ಯಾಂಬ್ಟನ್ನನ ಯೋಜನೆಗೆ ಹಣ ದೊರಕಿದುದು ಆ ಕಾರಣದಿಂದ. ಆದರೆ ಆತನ ಮನಸ್ಸಿನಲ್ಲಿ ಇನ್ನೊಂದು ಆಸೆಯೂ ಇದ್ದಿತು. ಭೂಮಿಯು ಪೂರ್ಣಗೋಳವಲ್ಲ, ಧ್ರುವಗಳಲ್ಲಿ ಸ್ವಲ್ಪ ಚಪ್ಪಟೆಯಾಗಿದೆ ಎಂದು ಆ ವೇಳೆಗೆ ತಿಳಿದಿತ್ತು. ಅದು ಎಷ್ಟು ಚಪ್ಪಟೆ ಎಂಬುದನ್ನು ತಿಳಿಯಲು ಸಮಭಾಜಕ ವೃತ್ತಕ್ಕೆ ಹತ್ತಿರದ ನಾಡುಗಳಲ್ಲಿಯೂ ಅಳತೆಯಾಗಬೇಕಾಗಿತ್ತು. ಮೂಡಣ ಕರಾವಳಿಯಿಂದ ಪಡುವಣ ಕರಾವಳಿಯವರೆಗೆ ಮೈಸೂರನ್ನು ಹಾದು ತ್ರಿಕೋನಗಳ ಸರಣಿಯೊಂದನ್ನು ಕಟ್ಟುವೆನೆಂದು ಆತನು ಬಿನ್ನವಿಸಿಕೊಂಡನು. ವೆಲ್ಲೆಸ್ಲಿಯು ಬೆಂಬಲಿಸಿದನು, ಮದರಾಸು ಸರಕಾರವು ಒಪ್ಪಿಕೊಂಡಿತು.

ಈ ಅಳತೆಯ ಕ್ರಮವನ್ನು ಹೊಲದ ಉದಾಹರಣೆಯಿಂದ ತಿಳಿಯಬಹುದು. ಒಂದು ಹೊಲದ ಬದುವನ್ನು ಸರಪಳಿಯಿಂದ ಅಳೆದಿದ್ದೇವೆಂದು ಇಟ್ಟುಕೊಳ್ಳೋಣ. ಆಚೆ, ಹಳ್ಳದ ಆ ದಡದಲ್ಲಿ, ಒಂದು ಆಲದ ಮರವಿದೆ. ಹಳ್ಳ ದಾಟದೆಯೇ ಅದರ ದೂರ ತಿಳಿಯಬೇಕು. ಬದುವಿನ ಒಂದು ತುದಿಯಲ್ಲಿ ನಿಂತು ಬದುವಿಗೂ ಮರಕ್ಕೂ ನಡುವಣ ಕೋನವನ್ನು ನೋಡುವುದು. ಇನ್ನೊಂದು ತುದಿಗೆ ಹೋಗಿ ಅಲ್ಲಿಯೂ ಹಾಗೆಯೇ ನೋಡುವುದು. ಒಂದು ಭುಜ ಎರಡು ಕೋನಗಳು ಗೊತ್ತಾದ ಮೇಲೆ ತ್ರಿಕೋನದ ಉಳಿದ ಭುಜಗಳು ಗಣಿತದಿಂದಲೇ ದೊರೆಯುತ್ತವೆ. ಹಾಗೆ ದೊರೆತ ಭುಜದ ಮೇಲೆ ಇನ್ನೊಂದು ತ್ರಿಕೋನ, ಅದರ ಮೇಲೆ ಮತ್ತೊಂದು. ಹೀಗೆ ಬೆಟ್ಟದಿಂದ ಬೆಟ್ಟಕ್ಕೆ ನೋಟ ಹಾಯಿಸುತ್ತ ಕಾಡು ಕಣಿವೆಗಳನ್ನು ತುಳಿದು ಅಳೆಯದೆಯೇ ನೂರಾರು ಮೈಲಿ ಸಾಗಬಹುದು. ಆದರೆ ಮೊದಲ ಗೆರೆಯಲ್ಲಿ, ಎಂದರೆ ಆಧಾರರೇಖೆಯಲ್ಲಿ, ಕೂದಲೆಳೆಯಷ್ಟು ತಪ್ಪು ಬಿದ್ದರೂ ಅದು ಕೊನೆಯವರೆಗೂ ಬೆಳೆಯುತ್ತ ಹೋಗುತ್ತದೆ. ಆದುದರಿಂದ ಆ ಒಂದು ಗೆರೆಯನ್ನು ಅಳೆಯುವುದರಲ್ಲಿ ತಪಸ್ಸಿನಂಥ ಶ್ರದ್ಧೆ ಬೇಕು.

ಉಪಕರಣಗಳ ಕಥೆಯೇ ಒಂದು ಸೊಗಸು. ಲಂಡನ್ನಿನ ರಾಮ್ಸ್‌ಡೆನ್ ಎಂಬ ಪ್ರಸಿದ್ಧ ಕುಶಲಿಯು ಮಾಡಿದ ೧೦೦ ಅಡಿಯ ಉಕ್ಕಿನ ಸರಪಳಿಯೊಂದನ್ನು ಚೀನಾದ ಚಕ್ರವರ್ತಿಗೆ ಕಾಣಿಕೆಯಾಗಿ ಕಳುಹಿಸಲಾಗಿತ್ತು. ಚಕ್ರವರ್ತಿಯು ಅದನ್ನು ಸ್ವೀಕರಿಸಲಿಲ್ಲ. ಅದು ಕೈ ಬದಲಾಯಿಸುತ್ತ ಕಲ್ಕತ್ತಕ್ಕೆ ಬಂದು ಕೊನೆಗೆ ಲ್ಯಾಂಬ್ಟನ್ನನ ಪಾಲಿಗೆ ಸೇರಿತು. ಕೋನಗಳನ್ನು ಅಳೆಯಲು ವಿಲಿಯಂ ಕ್ಯಾರಿ ಎಂಬ ಇನ್ನೊಬ್ಬ ಕುಶಲಿಯಿಂದ ದೊಡ್ಡ ಥಿಯೊಡೊಲೈಟ್ ಯಂತ್ರವನ್ನು ಮಾಡಿಸಿದರು. ಅದರ ಅಡ್ಡ ಚಕ್ರದ ಅಗಲ ೩೬ ಅಂಗುಲ. ಒಟ್ಟು ತೂಕ ಸುಮಾರು ಅರ್ಧ ಟನ್. ಅದನ್ನು ಹೊತ್ತು ಬರುತ್ತಿದ್ದ ಹಡಗನ್ನು ದಾರಿಯಲ್ಲಿ ಫ್ರೆಂಚರು ಹಿಡಿದು ಮಾರಿಷಸ್ ದ್ವೀಪಕ್ಕೆ ಒಯ್ದರು. ಪೆಟ್ಟಿಗೆಗಳನ್ನು ಬಿಚ್ಚಿ ನೋಡಿದ ಅಲ್ಲಿಯ ಗವರ್ನರನು, ಇದು ವಿಜ್ಞಾನದ ಸಾಮಗ್ರಿಯೆಂದು ಅರಿತು, ಶತ್ರುಗಳ ವಸ್ತುವಾದರೂ ಗೌರವದಿಂದ ಮದರಾಸಿಗೆ ಕಳುಹಿಸಿಕೊಟ್ಟನು. ಯುದ್ಧದ ನಡುವೆಯೂ ವಿದ್ಯೆಗೆ ಇಂಥ ಮರ್ಯಾದೆ ದೊರಕಿದುದು ನೆನೆಯತಕ್ಕ ಸಂಗತಿ.

ಥಿಯೊಡೊಲೈಟ್ ಬರುವ ಮುಂಚೆಯೇ, ೧೮೦೦ರ ಕೊನೆಯ ತಿಂಗಳುಗಳಲ್ಲಿ, ಲ್ಯಾಂಬ್ಟನ್ನನು ಬೆಂಗಳೂರಿನ ಬಳಿ ಏಳು ಮೈಲಿಗೂ ಮೀರಿದ ಉದ್ದದ ಆಧಾರರೇಖೆಯನ್ನು ಅಳೆದನು. ಇದು ಆತನ ಮೊದಲ ಪ್ರಯತ್ನ. ೧೮೦೨ರ ಏಪ್ರಿಲ್ ೧೦ರಂದು ಮದರಾಸಿನ ಸಂತ ಥಾಮಸ್ ಬೆಟ್ಟದ ಬಳಿಯ ಬಯಲಿನಲ್ಲಿ ಮತ್ತೊಂದು ಆಧಾರರೇಖೆಯ ಅಳತೆಗೆ ತೊಡಗಿದನು. ಭಾರತದ ಮಹಾ ತ್ರಿಕೋನಮಿತಿ ಮೋಜಣಿಯ ಆರಂಭದ ದಿನವೆಂದು ಎಣಿಸುವುದು ಇದನ್ನೇ. ಅದರ ಉದ್ದ ಸುಮಾರು ಏಳೂವರೆ ಮೈಲಿ. ನಾವು ನಡೆದರೆ ಎರಡೂವರೆ ಗಂಟೆಯ ದಾರಿ. ಆತನಿಗೆ ಹಿಡಿದುದು ೫೭ ದಿನಗಳು! ಸರಪಳಿಯನ್ನು ನೆಲಕ್ಕೆ ತಾಗಿಸದೆ, ಕಾಲುಗಳ ಮೇಲೆ ನಿಲ್ಲಿಸಿದ ಮರದ ತೊಟ್ಟಿಗಳಲ್ಲಿ ಸಮಮಟ್ಟವಾಗಿ ಇರಿಸುತ್ತಿದ್ದರು. ಉಕ್ಕು ಬಿಸಿಲಿಗೆ ಹಿಗ್ಗುತ್ತದೆ, ತಂಪಿಗೆ ಕುಗ್ಗುತ್ತದೆ. ಆದುದರಿಂದ ತೊಟ್ಟಿಗಳಲ್ಲಿ ಉಷ್ಣಮಾಪಕಗಳನ್ನಿಟ್ಟು ಪ್ರತಿ ಸಲವೂ ಓದಿ ಬರೆದುಕೊಂಡು ಅದಕ್ಕೆ ತಕ್ಕಂತೆ ಲೆಕ್ಕವನ್ನು ತಿದ್ದುತ್ತಿದ್ದರು. ಹೀಗೆ ಸರಪಳಿಯನ್ನು ಸುಮಾರು ನಾನೂರು ಸಲ ಎತ್ತಿ ಇಡಬೇಕಾಯಿತು.

ಇಷ್ಟೆಲ್ಲ ಹೆಣಗಾಟವೇಕೆಂದು ಅಂದಿನ ದೊಡ್ಡವರಿಗೇ ಅರ್ಥವಾಗಲಿಲ್ಲ. ಮದರಾಸಿನ ಹಣಕಾಸು ಸಮಿತಿಯ ಸದಸ್ಯನೊಬ್ಬನು, ಶ್ರೀರಂಗಪಟ್ಟಣಕ್ಕೆ ಹೋಗಬೇಕಾದರೆ ಪಲ್ಲಕ್ಕಿ ಹೊರುವ ಬೋಯಿಗಳಿಗೆ ಹೇಳಿದರೆ ಸಾಕು, ಅವರೇ ದಾರಿ ಹುಡುಕಿ ಕೊಂಡೊಯ್ಯುತ್ತಾರೆ, ಅದಕ್ಕೆ ಭೂಪಟವೇಕೆ ಎಂದು ಹಾಸ್ಯ ಮಾಡಿದನಂತೆ. ಬಂಗಾಳದ ಭೂಪಟಗಳನ್ನು ರಚಿಸಿ ಹೆಸರಾಂತಿದ್ದ ರೆನಲ್‌ನಂಥ ವಿದ್ವಾಂಸನೂ, ನಕ್ಷತ್ರಗಳಿಂದ ಊರುಗಳ ಸ್ಥಾನವನ್ನು ಗೊತ್ತುಮಾಡುವ ಹಳೆಯ ಕ್ರಮವೇ ಸಾಕಾಗಿರಲು ಈ ಹೊಸ ಖರ್ಚೇಕೆಂದು ಆಕ್ಷೇಪಿಸಿದನು. ಲ್ಯಾಂಬ್ಟನ್ನನು ವಾದಕ್ಕೆ ಹೋಗುವ ಸ್ವಭಾವದವನಲ್ಲ. ತನ್ನ ಯಂತ್ರವನ್ನು ಹೊತ್ತುಕೊಂಡು ಪಶ್ಚಿಮಕ್ಕೆ ನಡೆದನು.

ಮದರಾಸಿನಿಂದ ಹೊರಟ ತ್ರಿಕೋನಗಳು ಬೆಂಗಳೂರನ್ನು ಮುಟ್ಟಿದುವು. ೧೮೦೪ರಲ್ಲಿ ಅಲ್ಲಿ ಮತ್ತೆ ಒಂದು ಆಧಾರರೇಖೆಯನ್ನು ಸರಪಳಿಯಿಂದಲೇ ಅಳೆದು, ಮದರಾಸಿನಿಂದ ಲೆಕ್ಕ ಹಾಕಿ ತಂದ ಉದ್ದದೊಡನೆ ಹೋಲಿಸಿದರು. ನೂರಾರು ಮೈಲಿ ಬೆಟ್ಟಗುಡ್ಡಗಳ ಮೇಲೆ ಹಾಯ್ದು ಬಂದ ಲೆಕ್ಕಕ್ಕೂ ಏಳು ಮೈಲಿಯ ಆ ನಿಜವಾದ ಅಳತೆಗೂ ಇದ್ದ ವ್ಯತ್ಯಾಸವು ಬೆರಳೆಣಿಕೆಯ ಅಂಗುಲಗಳು ಮಾತ್ರ. ಅಲ್ಲಿಂದ ಮುಂದೆ ಮೈಸೂರು ಸೀಮೆಯನ್ನು ದಾಟಿ ಪಶ್ಚಿಮ ಘಟ್ಟಗಳ ನೆತ್ತಿಗಳಿಗೆ ಏರಿದರು. ಕೊಡಗಿನ ತಡಿಯಂಡಮೋಳ್, ಘಟ್ಟದ ಅಂಚಿನ ಬಲ್ಲಾಳರಾಯನ ದುರ್ಗ ಇವೆಲ್ಲ ಆತನ ತ್ರಿಕೋನಗಳ ಮೂಲೆಗಳಾದುವು. ನಾವು ದೇವರ ದರ್ಶನಕ್ಕೂ ವಿಹಾರಕ್ಕೂ ಹತ್ತುವಂಥ ಶಿಖರಗಳನ್ನು ಆತನು ಗಣಿತಕ್ಕಾಗಿ ಹತ್ತಿದನು. ಒಂದು ಶಿಖರದಲ್ಲಿ ಬಾವುಟವನ್ನೋ ದೀಪವನ್ನೋ ಹಿಡಿದು ಆಳುಗಳು ದಿನಗಟ್ಟಲೆ ಕಾಯಬೇಕು. ಇನ್ನೊಂದು ಶಿಖರದಲ್ಲಿ ಆತನು ಮಂಜು ಸರಿಯುವುದನ್ನು ಕಾಯಬೇಕು. ಗೋಪಾಲಸ್ವಾಮಿ ಬೆಟ್ಟದಲ್ಲಿ ಒಂದು ಗಂಟೆ ಮಂಜು ಕವಿದುದಕ್ಕೆ ನಾವು ಗೊಣಗಿದುದು ನೆನಪಾಗಿ ನನಗೆ ನಗು ಬಂದಿತು.

ಕೊನೆಗೆ ಮಂಗಳೂರಿನ ಕಡಲು ಕಂಡಿತು. ಅದುವರೆಗಿನ ಭೂಪಟಗಳಲ್ಲಿ ಮದರಾಸಿಗೂ ಮಂಗಳೂರಿನ ಕರಾವಳಿಗೂ ನಡುವೆ ಸುಮಾರು ೪೦೦ ಮೈಲಿ ಎಂದಿತ್ತು. ಲ್ಯಾಂಬ್ಟನ್ನನ ಅಳತೆಯಲ್ಲಿ ಅದು ಸುಮಾರು ೩೬೦ ಮೈಲಿ ಮಾತ್ರ. ನಕ್ಷತ್ರಗಳ ಕ್ರಮವೇ ಸಾಕೆಂದವರ ಭೂಪಟದಲ್ಲಿ ೪೦ ಮೈಲಿ ಅಗಲದ ಇಲ್ಲದ ನೆಲವೊಂದು ಸೇರಿಕೊಂಡಿತ್ತು! ಪಲ್ಲಕ್ಕಿಯ ಬೋಯಿಗಳಿಗೆ ಈ ೪೦ ಮೈಲಿಯಿಂದ ಬಾಧಕವಿಲ್ಲದಿರಬಹುದು. ಆದರೆ ಇಂದಿನ ವಿಮಾನಕ್ಕೆ ಅದು ನಾಲ್ಕೈದು ನಿಮಿಷಗಳ ಹಾರಾಟ. ಮಂಜು ಮುಸುಕಿದ ರಾತ್ರಿಯಲ್ಲಿ ಇಳಿಯುವ ವಿಮಾನದ ನೆಲ ನಾಲ್ಕು ನಿಮಿಷ ಮೊದಲೇ ಬಂದರೆ ಗತಿಯೇನು? ಈಗ ಚೆನ್ನೈಗೂ ಮಂಗಳೂರಿಗೂ ನಡುವಣ ಆಕಾಶದ ದೂರವನ್ನು ಉಪಗ್ರಹಗಳ ನೆರವಿನಿಂದ ಲೆಕ್ಕ ಹಾಕಿದರೆ ಸುಮಾರು ೫೮೫ ಕಿಲೋಮೀಟರ್, ಎಂದರೆ ೩೬೦ ಮೈಲಿಗಿಂತ ಕೊಂಚ ಹೆಚ್ಚು, ಬರುತ್ತದೆ. ಒಕ್ಕಣ್ಣಿನ ಮುದುಕನ ಸರಪಳಿಯ ಮಾತು ಸುಳ್ಳಾಗಲಿಲ್ಲ.

ಆ ಬಳಿಕ ಆತನು ಇನ್ನೂ ದೊಡ್ಡ ಕೆಲಸಕ್ಕೆ ಕೈಯಿಟ್ಟನು. ಕನ್ಯಾಕುಮಾರಿಯ ಕಡೆಯಿಂದ ನೇರವಾಗಿ ಉತ್ತರಕ್ಕೆ, ಪೂರ್ವ ರೇಖಾಂಶ ೭೮ ಡಿಗ್ರಿಯ ಸಮೀಪದಲ್ಲಿ, ತ್ರಿಕೋನಗಳ ಬೆನ್ನೆಲುಬೊಂದನ್ನು ಕಟ್ಟತೊಡಗಿದನು. ಅಕ್ಷಾಂಶದ ಒಂದು ಡಿಗ್ರಿಯ ಉದ್ದವು ನಮ್ಮ ನಾಡಿನಲ್ಲಿ ಸುಮಾರು ೧೧೦.೬ ಕಿಲೋಮೀಟರ್ ಇದ್ದರೆ ಧ್ರುವದ ಬಳಿ ೧೧೧.೭ ಕಿಲೋಮೀಟರ್ ಆಗುತ್ತದೆ. ಈ ಸಣ್ಣ ವ್ಯತ್ಯಾಸದಲ್ಲಿಯೇ ಭೂಮಿಯ ಆಕಾರದ ಗುಟ್ಟು ಅಡಗಿದೆ. ಭೂಮಿಯ ಅರ್ಧವ್ಯಾಸವು ಸಮಭಾಜಕದಲ್ಲಿ ಧ್ರುವಕ್ಕಿಂತ ಸುಮಾರು ೨೧ ಕಿಲೋಮೀಟರ್ ಹೆಚ್ಚೆಂದು ಇಂದು ನಾವು ಪಠ್ಯದಲ್ಲಿ ಒಂದು ಸಾಲಿನಲ್ಲಿ ಓದಿ ಮುಗಿಸುತ್ತೇವೆ. ಆ ಒಂದು ಸಾಲಿಗಾಗಿ ಜನ ಕಾಡುಗಳಲ್ಲಿ ಆಯುಸ್ಸು ಸವೆಸಿದ್ದಾರೆ.

೧೮೦೮ರಲ್ಲಿ ತಂಜಾವೂರಿನಲ್ಲಿ ಒಂದು ಅನಾಹುತ ಸಂಭವಿಸಿತು. ಆ ಬಯಲು ಸೀಮೆಯಲ್ಲಿ ಬೆಟ್ಟಗಳಿಲ್ಲ. ಎತ್ತರದ ಸ್ಥಳ ಬೇಕೆಂದು ಬೃಹದೀಶ್ವರ ದೇವಾಲಯದ ವಿಮಾನಗೋಪುರದ ಮೇಲಕ್ಕೆ ಥಿಯೊಡೊಲೈಟನ್ನು ಹಗ್ಗಗಳಿಂದ ಎಳೆಯುತ್ತಿದ್ದಾಗ ಹಗ್ಗವೊಂದು ಹರಿದು ಯಂತ್ರವು ಗೋಡೆಗೆ ಅಪ್ಪಳಿಸಿತು. ಅದರ ದೊಡ್ಡ ಚಕ್ರವೇ ಸೊಟ್ಟಗಾಯಿತು. ಅಂಥ ಯಂತ್ರ ದೇಶದಲ್ಲಿ ಬೇರೊಂದಿರಲಿಲ್ಲ. ಇಂಗ್ಲೆಂಡಿನಿಂದ ತರಿಸಲು ವರ್ಷಗಳೇ ಬೇಕು. ಲ್ಯಾಂಬ್ಟನ್ನನು ಯಾರ ಮೇಲೂ ರೇಗಾಡಲಿಲ್ಲವಂತೆ. ಕುಶಲ ಕೆಲಸಗಾರರನ್ನು ಜೊತೆಗಿಟ್ಟುಕೊಂಡು, ಬೇರೆಯವರನ್ನು ಹತ್ತಿರ ಬಿಡದೆ, ಸುಮಾರು ಆರು ವಾರ ಕಾಲ ಚಕ್ರವನ್ನು ಕೂದಲೆಳೆ ಕೂದಲೆಳೆಯಾಗಿ ಎಳೆದು ಮೊದಲಿನ ದುಂಡಿಗೆ ತಂದನು. ಆ ಯಂತ್ರದಿಂದಲೇ ಮುಂದೆಯೂ ಬಹುಕಾಲ ಕೆಲಸ ನಡೆಯಿತು. ಆತನ ಜೀವನದಲ್ಲಿ ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹೆಚ್ಚಾಗಿ ನಾಟಿದುದು ಈ ಆರು ವಾರಗಳು. ಒಂದು ಪರೀಕ್ಷೆಯಲ್ಲಿ ಅಂಕ ಕಡಿಮೆಯಾದರೆ ಪುಸ್ತಕವನ್ನೇ ಮೂಲೆಗೆಸೆಯುವ ನಮಗೆ ಇದರಲ್ಲಿ ಕಲಿಯುವುದಿಲ್ಲವೆ?

ಕೀರ್ತಿ ಬಂದುದು ತಡವಾಗಿ. ೧೮೧೭ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯು ಆತನನ್ನು ಸದಸ್ಯನನ್ನಾಗಿ ಆರಿಸಿತು; ಫ್ರಾನ್ಸಿನ ವಿಜ್ಞಾನ ಅಕಾಡೆಮಿಯೂ ಗೌರವಿಸಿತು. ೧೮೧೮ರಲ್ಲಿ ಆತನ ಕೆಲಸಕ್ಕೆ ಮಹಾ ತ್ರಿಕೋನಮಿತಿ ಮೋಜಣಿ ಎಂಬ ಹೆಸರು ಬಂದಿತು. ಜಾರ್ಜ್ ಎವರೆಸ್ಟ್ ಎಂಬ ತರುಣನು ಸಹಾಯಕನಾಗಿ ಸೇರಿದನು. ಆ ವೇಳೆಗೆ ಲ್ಯಾಂಬ್ಟನ್ನನಿಗೆ ಅರವತ್ತು ದಾಟಿತ್ತು. ವಿಶ್ರಾಂತಿ ಪಡೆದು ಸ್ವದೇಶಕ್ಕೆ ಮರಳಬಹುದಾಗಿತ್ತು. ಆದರೆ ಆತನು ಮರಳಲಿಲ್ಲ. ಕ್ಷಯದಿಂದ ಕೆಮ್ಮುತ್ತಲೇ ಹೈದರಾಬಾದಿನಿಂದ ನಾಗಪುರದ ಕಡೆಗೆ ಹೊರಟು, ದಾರಿಯಲ್ಲಿ, ಈಗ ಮಹಾರಾಷ್ಟ್ರದಲ್ಲಿರುವ ಹಿಂಗಣಘಾಟ್ ಎಂಬಲ್ಲಿ ೧೮೨೩ರ ಜನವರಿ ೨೦ರಂದು ತೀರಿಕೊಂಡನು. ಆತನ ಸಮಾಧಿಯೂ ಅಲ್ಲಿಯೇ ಇದೆ. ಇಪ್ಪತ್ತು ವರ್ಷಗಳಲ್ಲಿ ಆತನ ತ್ರಿಕೋನಗಳು ೧,೬೫,೦೦೦ ಚದರ ಮೈಲಿಗೂ ಹೆಚ್ಚಿನ ನೆಲವನ್ನು ಒಳಗೊಂಡಿದ್ದುವು.

ಗುರುವಿನ ಕೈಯಿಂದ ಜಾರಿದ ಸರಪಳಿಯನ್ನು ಶಿಷ್ಯನಾದ ಎವರೆಸ್ಟನು ಹಿಡಿದು ೧೮೪೧ರ ವೇಳೆಗೆ ಹಿಮಾಲಯದ ತಪ್ಪಲಿಗೆ ಒಯ್ದನು. ಆ ಮೋಜಣಿಯ ಕಚೇರಿಯಲ್ಲಿ ಬಂಗಾಳದ ರಾಧಾನಾಥ ಸಿಕ್ದಾರನು ಹಾಕಿದ ಲೆಕ್ಕದಿಂದ ಜಗತ್ತಿನ ಅತ್ಯುನ್ನತ ಶಿಖರವು ಗೊತ್ತಾಯಿತು. ಅದಕ್ಕೆ ಇಟ್ಟುದು ಎವರೆಸ್ಟನ ಹೆಸರು. ಶಿಷ್ಯನ ಹೆಸರು ಪ್ರೈಮರಿ ಶಾಲೆಯ ಮಕ್ಕಳ ಬಾಯಲ್ಲಿಯೂ ಇದೆ; ಗುರುವಿನ ಹೆಸರನ್ನು ಪದವಿ ತರಗತಿಯ ನಾವೇ ಕೇಳಿರಲಿಲ್ಲ.

ಆದರೆ ಗುರುವಿನ ಹೆಸರಾದರೂ ಹುಡುಕಿದರೆ ಪುಸ್ತಕದಲ್ಲಿ ಸಿಗುತ್ತದೆ. ಸರಪಳಿಯ ತುದಿ ಹಿಡಿದವರ, ಯಂತ್ರವನ್ನು ಹೆಗಲ ಮೇಲೆ ಹೊತ್ತು ಬೆಟ್ಟ ಹತ್ತಿದವರ, ಬಾವುಟ ಹಿಡಿದು ಹುಲಿಯ ಕಾಡಿನಲ್ಲಿ ರಾತ್ರಿ ಕಳೆದವರ, ಚಳಿಜ್ವರದಿಂದ ಸತ್ತವರ ಹೆಸರುಗಳು ಎಲ್ಲಿವೆ? ಈ ಪ್ರಶ್ನೆಯನ್ನು ನಾನು ಸುಮ್ಮನೆ ಕೇಳುತ್ತಿಲ್ಲ. ನನ್ನ ತಾತನೂ ಸರಪಳಿ ಎಳೆದವನೇ.

ನನ್ನ ತಾತನಿಗೆ ಅಕ್ಷರ ಬರುತ್ತಿರಲಿಲ್ಲ. ಹಳ್ಳಿಗಳಲ್ಲಿ ಜಮೀನಿನ ಸರ್ವೆಯಾಗುವಾಗ ಆತ ದಿನಗೂಲಿಗೆ ಸರಪಳಿ ಎಳೆಯಲು ಹೋಗುತ್ತಿದ್ದ. ಅದು ೩೩ ಅಡಿಯ, ಹದಿನಾರು ಆಣೆಯ ಸರಪಳಿ. ಆ ಉದ್ದದ ಚೌಕವೇ ಒಂದು ಗುಂಟೆ. ಓದು ಬಾರದಿದ್ದರೂ ಆಣೆಗಳನ್ನು ಆತ ತಪ್ಪದೆ ಎಣಿಸುತ್ತಿದ್ದ. ಒಮ್ಮೆ ನಮ್ಮ ಮನೆಯ ಜಮೀನೇ ಭಾಗವಾಗುವಾಗ, ಬೇರೆ ಯಾರೋ ಸರಪಳಿಯನ್ನು ಸಡಿಲವಾಗಿ ಹಿಡಿದುದರಿಂದ ಗಡಿಯ ಕಲ್ಲು ಕೆಲವು ಅಡಿ ಆಚೆಗೆ ಹೋಯಿತು. ಆ ಕೆಲವು ಅಡಿಗಾಗಿ ತಾತನೂ ಆತನ ತಮ್ಮನೂ ಎಷ್ಟೋ ವರ್ಷ ಮಾತು ಬಿಟ್ಟಿದ್ದರು. ಎರಡು ಮನೆಗಳ ಹೆಂಗಸರು ಒಂದೇ ಕೊಳಾಯಿಯಲ್ಲಿ ನೀರು ಹಿಡಿದರೂ ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲವಂತೆ. ಕೊನೆಗೆ ತಾತನೇ ಮುಂದೆ ನಿಂತು ಮತ್ತೆ ಅಳತೆ ಮಾಡಿಸಿದಾಗ ತಪ್ಪು ಬೆಳಕಿಗೆ ಬಂದು ಕಲ್ಲನ್ನು ಸರಿಸಲಾಯಿತು. ಆ ಮೇಲೆ ಆತ ನಮ್ಮಪ್ಪನಿಗೆ ಪದೇ ಪದೇ ಹೇಳುತ್ತಿದ್ದುದು ಒಂದೇ ಮಾತು: ಸರಪಳಿ ಹಿಡಿದ ಮೇಲೆ ಕೈ ಸಡಿಲ ಬಿಡಬಾರದು. ಲ್ಯಾಂಬ್ಟನ್ನನ ಉಷ್ಣಮಾಪಕಗಳ ವಿಷಯ ಓದುವಾಗಲೆಲ್ಲ ನನಗೆ ತಾತನ ಈ ಮಾತು ನೆನಪಾಗುತ್ತಿತ್ತು. ಯಾರ್ಕ್‌ಷೈರಿನ ರೈತನ ಮಗನಿಗೂ ಗುಂಡ್ಲುಪೇಟೆಯ ಕೂಲಿಗೂ ಪರಿಚಯವಿರಲು ಸಾಧ್ಯವಿಲ್ಲ. ಆದರೂ ಇಬ್ಬರಿಗೂ ಗೊತ್ತಿದ್ದ ಸತ್ಯ ಒಂದೇ. ಅಳತೆಯೆಂಬುದು ಬರಿಯ ಲೆಕ್ಕವಲ್ಲ, ಅದು ನಂಬಿಕೆ. ಅಣ್ಣತಮ್ಮಂದಿರು ಒಂದು ಕಲ್ಲನ್ನು ನಂಬಿ ಬಾಳುತ್ತಾರೆ. ಮುನ್ನೂರು ಜನ ಒಂದು ಸಂಖ್ಯೆಯನ್ನು ನಂಬಿ ಆಕಾಶಕ್ಕೆ ಏರುತ್ತಾರೆ.

ಈಗ ಉಪಗ್ರಹಗಳು ಬಂದಿವೆ. ಸರಪಳಿಯ ಕ್ರಮವೂ ಲ್ಯಾಂಬ್ಟನ್ನನ ಥಿಯೊಡೊಲೈಟೂ ಹಳೆಯ ಮಾತಾದುವು. ಗೆಳೆಯನ ಮೊಬೈಲಿನಲ್ಲಿ ಉತ್ತರ ಕಣ್ಣು ಮಿಟುಕಿಸುವಷ್ಟರಲ್ಲಿ ಬಂದಿತು. ಹಾಗೆ ಸುಲಭವಾಗಿ ಬಂದುದರಿಂದಲೇ ನಾವು ಅದನ್ನು ಅಳೆದವರನ್ನು ಮರೆಯುತ್ತೇವೆಂದು ತೋರುತ್ತದೆ. ವಿಮಾನದ ಟಿಕೆಟ್ಟಿನಲ್ಲಿ ಅಚ್ಚಾಗುವ ಗಂಟೆ ನಿಮಿಷಗಳ ಹಿಂದೆ, ಮದರಾಸಿನ ಬಿಸಿಲಿನಲ್ಲಿ ನಾನೂರು ಸಲ ಸರಪಳಿ ಎತ್ತಿಟ್ಟ ಕೈಗಳಿವೆ.

ಈ ವರ್ಷ ಪರೀಕ್ಷೆಯಾದ ಮೇಲೆ ಎಂ.ಎ. ಓದಲು ಮೈಸೂರಿಗೆ ಹೋಗಬೇಕೆಂದು ನನ್ನ ಆಸೆ. ನಮ್ಮ ಮನೆಯಿಂದ ಅಷ್ಟು ದೂರ ಓದಲು ಹೋದವರು ಇದುವರೆಗೆ ಯಾರೂ ಇಲ್ಲ. ಕಾಲೇಜು ಮೆಟ್ಟಿಲು ಹತ್ತಿದವರೇ ಬೇರೆ ಯಾರೂ ಇಲ್ಲ. ಮೊನ್ನೆ ಅವ್ವ ರಾಗಿ ಕೇರುತ್ತ, ಮೈಸೂರು ಎಷ್ಟು ದೂರವಾಗುತ್ತದೆಂದು ಕೇಳಿದಳು. ರಸ್ತೆಯಲ್ಲಿ ೬೦ ಕಿಲೋಮೀಟರ್, ಆಕಾಶದಲ್ಲಿ ೫೪, ವಿಮಾನವಾದರೆ ನಾಲ್ಕು ನಿಮಿಷವೂ ಬೇಡವೆಂದು ನಾನು ಉತ್ಸಾಹದಿಂದ ಲೆಕ್ಕ ಒಪ್ಪಿಸಿದೆನು. ಅವ್ವ ಮೊರವನ್ನು ಕೆಳಗಿಟ್ಟು, ಹಾಗಾದರೆ ಶನಿವಾರ ಹೊರಟರೆ ಕತ್ತಲಾಗುವುದರೊಳಗೆ ಮನೆಗೆ ಬರಬಹುದಲ್ಲವೇ ಎಂದು ಮಾತ್ರ ಕೇಳಿದಳು. ಬರಬಹುದು ಎಂದೆನು. ಅವಳು ಮತ್ತೆ ಮೊರ ಎತ್ತಿಕೊಂಡಳು.